ಮೂರನೆಯ ಸಂಜೆಯ ಸಲಾಮು

ಬೂಬಮ್ಮ ಸತ್ತ ದಿನ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂಬತ್ತು ವರ್ಷದ ನೆರೆಹೊರೆಯಲ್ಲಿ ನಾವು ಮಾತಾಡಿಕೊಂಡಿದ್ದ ದಿನಗಳೂ ಮಾತು ಬಿಟ್ಟಿದ್ದ ದಿನಗಳೂ ಹೆಚ್ಚುಕಡಿಮೆ ಸರಿಸಮ. ಹೋಗುವುದಕ್ಕೆ ಅವಳು ಒಳ್ಳೆಯ ದಿನವನ್ನೇ ಆರಿಸಿಕೊಂಡಳು. ಜಗಳದ ನಡುವೆ ಎದ್ದು ಹೋಗಿದ್ದರೆ ನಾನು ಅವಳನ್ನು ಇವತ್ತಿಗೂ ಕ್ಷಮಿಸುತ್ತಿರಲಿಲ್ಲ.

ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳನ್ನು "ಅವಳು" ಎನ್ನುತ್ತಿದ್ದೇನೆಂದು ಬೈಯಬೇಡಿ. ಅಷ್ಟು ಕಿತ್ತಾಡಿದವಳನ್ನು "ಅವರು" ಎನ್ನಲು ನನ್ನ ನಾಲಗೆ ಹೊರಳುವುದಿಲ್ಲ. ಹೆಸರೂ ಹೇಳುವುದಿಲ್ಲ. ಪರಗಂಡಸರ ಕಿವಿಗೆ ತನ್ನ ಹೆಸರು ಬೀಳುವುದು ಅವಳಿಗೆ ಇಷ್ಟವಿರಲಿಲ್ಲ, ಇದನ್ನು ಓದುವವರಲ್ಲಿ ಗಂಡಸರೂ ಇರುತ್ತೀರಿ. ಸಾಬರ ಮನೆಯ ಹಿರಿಯ ಹೆಂಗಸರೆಲ್ಲ ನಮ್ಮ ಕಡೆ ಬೂಬಮ್ಮಂದಿರೇ, ಹಾಗಾಗಿ ಬೀದಿಗೆಲ್ಲ ಅವಳು ಬೂಬಮ್ಮ. ಅವಳ ಬಾಯಲ್ಲಿ ನಾನು ಗೌಡ್ತಿ.

ನಮ್ಮ ಮನೆ ಇದ್ದದ್ದು ಬಿನ್ನಿಪೇಟೆಯಲ್ಲಿ, ಮಿಲ್ಲಿನ ಹಿಂದಿನ ಬೀದಿಯಲ್ಲಿ. ಯಜಮಾನರಿಗೆ ಮಿಲ್ಲಿನಲ್ಲಿ ಮಗ್ಗದ ಕೆಲಸ. ಸಾಲು ಹೆಂಚಿನ ಮನೆಗಳು, ನಮಗೂ ಬೂಬಮ್ಮನಿಗೂ ನಡುವೆ ಎದೆಯೆತ್ತರದ ಒಂದು ಹಿತ್ತಿಲ ಗೋಡೆ. ಅವಳ ಗಂಡ ಹಾಸಿಗೆ ಹೊಲಿಯುವವನಾಗಿದ್ದ. ಅವನು ಹೋದ ಮೇಲೆ ಅವಳೇ ಹತ್ತಿ ಬಿಡಿಸಿ ಹಾಸಿಗೆ, ದಿಂಬು, ರಜಾಯಿ ಹೊಲಿಯುತ್ತಿದ್ದಳು. ಒಬ್ಬನೇ ಮಗ, ಜಟಕಾ ಹೊಡೆಯುತ್ತಿದ್ದ. ತಲೆಯ ಸೆರಗಿನ ಮೇಲೆ ಯಾವಾಗಲೂ ಹತ್ತಿಯ ಎಳೆ, ಭುಜದ ಹತ್ತಿರ ಸಿಕ್ಕಿಸಿದ ಒಂದು ಗೇಣುದ್ದದ ಸೂಜಿ. ಮಾತಿಗೆ ಕಾವೇರಿದರೆ ಆ ಸೂಜಿ ಕೈಗೆ ಬರುತ್ತಿತ್ತು. ಚುಚ್ಚುತ್ತಿರಲಿಲ್ಲ, ತೋರಿಸುತ್ತಿದ್ದಳು ಅಷ್ಟೇ, ಮೇಷ್ಟ್ರು ಬೆತ್ತ ತೋರಿಸಿದ ಹಾಗೆ.

ನಾನು ಆ ಮನೆಗೆ ಬಂದ ತಿಂಗಳಲ್ಲೇ ಮೊದಲ ಜಗಳ. ಅವಳ ಕೆಂಪು ಹುಂಜ ಗೋಡೆ ಹಾರಿ ಬಂದು ನನ್ನ ಅಕ್ಕಿ ಸಂಡಿಗೆಯನ್ನು ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ಕುಕ್ಕಿಹಾಕಿತ್ತು. ನಾನು ಕಲ್ಲು ಬೀಸಿದೆ. ಹುಂಜಕ್ಕೆ ತಾಗಲಿಲ್ಲ, ಅವಳ ನೀರಿನ ಮಡಕೆಗೆ ತಾಗಿತು. ಆಮೇಲೆ ನಾವು ಪರಸ್ಪರರ ವಂಶಕ್ಕೆ ಮಾಡಿದ ಸೇವೆಯನ್ನು ಇಲ್ಲಿ ಬರೆಯಲಾಗುವುದಿಲ್ಲ. ಇನ್ನು ಈ ಜನ್ಮದಲ್ಲಿ ಈ ಹೆಂಗಸಿನ ಮುಖ ನೋಡುವುದಿಲ್ಲ ಎಂದುಕೊಂಡು ಒಳಗೆ ಬಂದೆ.

ಮೂರನೆಯ ದಿನ ಸಂಜೆ, ಹೊತ್ತು ಮುಳುಗಲು ಇನ್ನು ನಾಲ್ಕು ಬೆರಳಿದೆ ಎನ್ನುವಾಗ, ಗೋಡೆಯ ಮೇಲೆ ಹತ್ತಿ ಮೆತ್ತಿದ ತಲೆಯೊಂದು ಎದ್ದಿತು.

"ಗೌಡ್ತಿ, ಸಲಾಂ."

ನಾನು ಅತ್ತ ಮುಖ ತಿರುಗಿಸಿ ಸೌದೆ ಜೋಡಿಸತೊಡಗಿದೆ.

"ಸಲಾಂ ಅಂದೆ ಕಣಮ್ಮಾ. ತಗೊಂಡ್ರೆ ತಗೋ, ಬಿಟ್ರೆ ಬಿಡು, ನನ್ನ ಲೆಕ್ಕ ಮುಗೀತು. ಈಗ ಹೇಳು, ನನ್ನ ಮಡಕೆ ಯಾಕೆ ಒಡ್ದೆ?"

ಜಗಳ ನಿಂತಲ್ಲಿಂದಲೇ ಮುಂದುವರಿಯಿತು.

ಅವಳ ಲೆಕ್ಕ ಏನೆಂದು ನನಗೆ ಗೊತ್ತಾದದ್ದು ಮೂರನೆಯದೋ ನಾಲ್ಕನೆಯದೋ ಜಗಳದ ನಂತರ. ಮನಸ್ತಾಪವಾದವರ ಜೊತೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದಂತೆ. ಇಬ್ಬರಲ್ಲಿ ಯಾರು ಮೊದಲು ಸಲಾಂ ಹೇಳುತ್ತಾರೋ ಅವರೇ ದೊಡ್ಡವರಂತೆ. ಪೈಗಂಬರರು ಹಾಗೆ ಹೇಳಿದ್ದಾರೆಂದು ಅವಳಿಗೆ ಅವಳ ಅಜ್ಜಿ ಕಲಿಸಿದ್ದಳು. ಜಗಳ ಆಡಬೇಡ ಎಂದೂ ಕಲಿಸಿದ್ದಿರಬೇಕು, ಅದನ್ನು ಬೂಬಮ್ಮ ಮರೆತಿದ್ದಳು. ಅವಳಿಗೆ ದಿನ ಶುರುವಾಗುತ್ತಿದ್ದದ್ದೂ ನಮ್ಮ ಹಾಗೆ ಬೆಳಗ್ಗೆಯಲ್ಲ. ಗೋರಿಪಾಳ್ಯದ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತೆಂದರೆ ಆ ದಿನ ಮುಗಿಯಿತು, ಮರುದಿನ ಹುಟ್ಟಿತು. ಹಾಗಾಗಿ ಅವಳ ಗಡುವು ಮೂರನೆಯ ಸಂಜೆಯ ಬಾಂಗಿಗೆ ಮುಂಚೆ. ನಾಳೆ ಬೆಳಗ್ಗೆ ನಾನೇ ಮೊದಲು ಮಾತಾಡಿಸಿ ಇವಳ ಸೊಕ್ಕು ಮುರಿಯುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅವಳು ಹಿಂದಿನ ಸಂಜೆಯೇ ಬಂದು ಗೆದ್ದಿರುತ್ತಿದ್ದಳು.

"ನಿಮ್ಮ ನಿಯಮ ನಿಮ್ಮವರಿಗೆ ಅಲ್ವಾ? ನನಗ್ಯಾಕೆ?" ಎಂದು ಒಮ್ಮೆ ಕೇಳಿದೆ.

"ನಿಯಮ ನಂದೇ. ಪಕ್ಕದಲ್ಲಿ ನೀನಿದ್ದೀಯ, ಏನ್ ಮಾಡ್ಲಿ? ಇನ್ಯಾರ ಹತ್ರ ಜಗಳ ಆಡೋಕೆ ಹೋಗ್ಲಿ?"

ಅವಳ ಧರ್ಮವೆಲ್ಲ ಹೀಗೆ ಹಿತ್ತಿಲು, ಒಲೆ, ಬೀದಿಯ ನಲ್ಲಿಗಳ ನಡುವೆಯೇ ಓಡಾಡಿಕೊಂಡಿತ್ತು. ಸಾರು ಮಾಡಿದರೆ ನೀರು ಸ್ವಲ್ಪ ಜಾಸ್ತಿ ಹಾಕಿ ಪಕ್ಕದ ಮನೆಗೆ ಕೊಡು ಎಂದು ಅವಳ ಧರ್ಮ ಹೇಳುತ್ತಿತ್ತಂತೆ. ಅವಳು ಅದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ನನ್ನ ಮನೆಗೆ ಬರುತ್ತಿದ್ದದ್ದು ಆ ಜಾಸ್ತಿ ಹಾಕಿದ ನೀರು. ಬಟ್ಟಲೊಳಗೆ ಒಂದು ಮೂಳೆ ಸಿಕ್ಕರೆ ಅವತ್ತು ನಮಗೆ ಹಬ್ಬ. ಯಜಮಾನರು, "ಪುಣ್ಯ ಬೂಬಮ್ಮಂಗೆ, ತಿಳಿನೀರು ನಮಗೆ," ಎಂದು ಗೊಣಗಿಕೊಂಡೇ ಕುಡಿಯುತ್ತಿದ್ದರು.

ಅವಳ ಇನ್ನೊಂದು ಮಗ್ಗುಲಿನ ಮನೆಯಲ್ಲಿ ಒಬ್ಬ ತಮಿಳಮ್ಮ ಇದ್ದಳು. ಬಕ್ರೀದಿನಲ್ಲಿ ಮೊದಲ ಪಾಲು ಯಾರಿಗೆ ಎಂಬ ಪ್ರಶ್ನೆ ಬಂತು. ಯಾರ ಬಾಗಿಲು ಹತ್ತಿರವೋ ಅವರಿಗೆ ಮೊದಲು ಎಂದು ಬೂಬಮ್ಮ ಹಾಸಿಗೆ ಹೊಲಿಯುವ ದಾರ ತೆಗೆದು ತನ್ನ ಹೊಸಿಲಿನಿಂದ ಎರಡೂ ಹೊಸಿಲಿಗೆ ಅಳೆದಳು. ಬೀದಿಯೆಲ್ಲ ನಿಂತು ನೋಡಿತು. ನನ್ನ ಬಾಗಿಲು ಮುಕ್ಕಾಲು ಮೊಳದಷ್ಟು ಹತ್ತಿರ ಬಂತು. ದಾರವನ್ನು ನನ್ನ ಕಡೆ ಬಿಗಿಯಾಗಿ ಎಳೆದು ಹಿಡಿದಿದ್ದಳು, ಆ ಕಡೆ ಜೋಲು ಬಿಟ್ಟಿದ್ದಳು ಎಂದು ತಮಿಳಮ್ಮ ಕೊನೆಯವರೆಗೂ ದೂರುತ್ತಿದ್ದಳು. ನಾನು ನೋಡಿದ್ದೆ, ಅದು ನಿಜ. ಪಾಲಿನ ಬಟ್ಟಲು ಎತ್ತಿಕೊಂಡು ಒಳಗೆ ನಡೆದೆ.

ಚಾಡಿ ಮಾತು ಕೇಳಿಸಿಕೊಳ್ಳುವುದು ಸತ್ತ ಅಣ್ಣತಮ್ಮಂದಿರ ಮಾಂಸ ತಿಂದಷ್ಟು ಪಾಪ ಎನ್ನುತ್ತಿದ್ದಳು. ಅಂದರೆ, ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಮೂಲೆಮನೆಯ ಸೊಸೆ ಅತ್ತೆಗೆ ಏನಂದಳು, ಅತ್ತೆ ಏನೆತ್ತಿ ಬಡಿದಳು, ಆಮೇಲೆ ಏನಾಯಿತು, "ಆಮೇಲೆ? ಆಮೇಲೆ?" ಎಂದು ಕೆದಕಿ, ಕಥೆ ಮುಗಿದ ಮೇಲೆ ಎರಡೂ ಕೆನ್ನೆ ಮುಟ್ಟಿಕೊಂಡು, "ತೌಬಾ ತೌಬಾ, ಇಂಥದ್ದೆಲ್ಲ ನಂಗೆ ಹೇಳ್ಬೇಡ ಗೌಡ್ತಿ," ಎನ್ನುತ್ತಿದ್ದಳು. ನಕ್ಕರೆ ಅದೂ ಒಂದು ದಾನವಂತೆ. ಅದೇ ಮೂಲೆಮನೆಯ ಅತ್ತೆಯನ್ನು ಕಂಡರೆ ಅವಳಿಗೆ ಮೈ ಉರಿ, ಆದರೂ ಎದುರಾದಾಗಲೆಲ್ಲ ಇರುವ ಏಳು ಹಲ್ಲನ್ನೂ ತೋರಿಸಿ ನಗುತ್ತಿದ್ದಳು. ಪಾಪ, ಆಕೆ ಆ ನಗುವಿಗೆ ಹೆದರಿ ದಾರಿ ಬದಲಿಸುತ್ತಿದ್ದಳು.

ಇಷ್ಟೆಲ್ಲ ನಗೆಯಾಡಿದ ಮೇಲೆ ನನ್ನ ವಿಷಯಕ್ಕೆ ಬರಲೇಬೇಕು. ನನ್ನ ತವರು ಮೂಡಲಪಾಳ್ಯ. ಅಪ್ಪ, ಅವ್ವ ಇಬ್ಬರೂ ಇಲ್ಲದ ನನಗೆ ತವರು ಅಂದರೆ ಒಬ್ಬ ಅಣ್ಣ. ಗೌರಿ ಹಬ್ಬಕ್ಕೆ ಎತ್ತಿನ ಗಾಡಿ ಕಟ್ಟಿಕೊಂಡು ತಾನೇ ಬಂದು ಬಾಗಿನದ ಮೊರ ಕೊಟ್ಟು ಹೋಗುತ್ತಿದ್ದ. ಬಿನ್ನಿಪೇಟೆಯ ಮನೆಗೆ ಬಂದ ವರ್ಷ ನಾನು ಅಕ್ಕಪಕ್ಕದವರಿಗೆಲ್ಲ, "ನಮ್ಮಣ್ಣ ಬರ್ತಾನೆ, ನೋಡ್ತಿರಿ," ಎಂದು ಹೇಳಿಕೊಂಡು ತಿರುಗಿದ್ದೆ. ಬಂದವನು ಅಣ್ಣನಲ್ಲ, ಮನೆಯ ಆಳು. ಮೊರ ಬಾಗಿಲಲ್ಲಿಟ್ಟು, "ಗೌಡ್ರು ಕಳ್ಸವ್ರೆ," ಅಂದ. ಅವರೇ ಯಾಕೆ ಬರಲಿಲ್ಲ ಎಂದರೆ ತಲೆ ಕೆರೆದುಕೊಂಡ. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಮೊರ ಬಿಚ್ಚದೆ, "ನಿಮ್ಮ ಗೌಡ್ರಿಗೇ ಕೊಡು," ಎಂದು ವಾಪಸ್ ಕಳಿಸಿದೆ. ತವರಿನ ಬಾಗಿನ ಹಿಂದಕ್ಕೆ ಕಳಿಸುವುದು ಎಂಥ ಮಾತೆಂದು ಗೊತ್ತಿದ್ದವರಿಗೆ ಗೊತ್ತು. ಅಣ್ಣ ಬರಲಿಲ್ಲ, ನಾನು ಹೋಗಲಿಲ್ಲ. ಹೀಗೆ ನಾಲ್ಕು ವರ್ಷ.

ಪ್ರತಿ ಗೌರಿಗೂ ನಾನು ಹಿತ್ತಿಲಲ್ಲಿ ಒಲೆಯ ಹೊಗೆಯ ನೆಪ ಹೇಳಿ ಅಳುವುದನ್ನು ಬೂಬಮ್ಮ ನೋಡಿದ್ದಳು. ನಾಲ್ಕನೆಯ ಗೌರಿಯಲ್ಲಿ ಗೋಡೆಗೆ ಮೊಣಕೈ ಊರಿ ನಿಂತು ಎಲ್ಲ ಹೊರಡಿಸಿದಳು. ಕೇಳಿ ಮುಗಿಸಿದವಳ ಮುಖ ನೋಡಬೇಕಿತ್ತು.

"ನಾಲ್ಕು ವರ್ಷ? ಒಡಹುಟ್ಟಿದೋನ ಜೊತೆ? ಮೂರು ದಿನಕ್ಕೆ ನನ್ನ ಜೀವ ಹೋಗತ್ತೆ, ನೀನು ನಾಲ್ಕು ವರ್ಷ ಹೆಂಗಮ್ಮಾ ಅನ್ನ ತಿಂದೆ?"

"ಅವನೇ ಬರ್ಲಿ."

"ಅವನೂ ಅಲ್ಲಿ ಅದೇ ಅಂತಾ ಇರ್ತಾನೆ. ಹೋಗಮ್ಮಾ ನೀನೇ."

"ಬಾಗಿನ ಅಣ್ಣ ತರಬೇಕು, ತಂಗಿ ಹೋಗಿ ಬೇಡಬಾರದು. ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ," ಎಂದು ಒಳಗೆ ಹೋದೆ. ಅಲ್ಲೇ ನಾನು ಎಡವಿದ್ದು. ಅರ್ಥವಾಗುವುದಿಲ್ಲ ಎಂದು ಬೂಬಮ್ಮನಿಗೆ ಹೇಳಬಾರದಿತ್ತು.

ಮಾರನೆಯ ದಿನವೇ ಅವಳು ಬಳೆಗಾರನನ್ನು ನಿಲ್ಲಿಸಿ ಬಾಗಿನದಲ್ಲಿ ಏನೇನಿರುತ್ತದೆಂದು ವಿಚಾರಿಸಿದಳಂತೆ. ಎರಡು ಹೊಸ ಮೊರ ತಂದಳು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಾಚಣಿಗೆ, ಒಂದು ಡಜನ್ ಹಸಿರು ಬಳೆ. ತನ್ನ ಕಡೆಯಿಂದ ಒಂದು ಹಿಡಿ ಖರ್ಜೂರ. ಕಪ್ಪು ಬುರ್ಖಾ ತೊಟ್ಟು, ಮಗನ ಜಟಕಾ ಹತ್ತಿ, ಮೂಡಲಪಾಳ್ಯಕ್ಕೆ ಹೋಗಿ ನಮ್ಮಣ್ಣನ ಜಗಲಿಯ ಮೇಲೆ ಮೊರ ಇಟ್ಟು, "ನಿನ್ನ ತಂಗಿ ಕಳ್ಸಿದ್ದಾಳಪ್ಪಾ," ಎಂದು ಹೇಳಿ ಬಂದಳು. ಕಾಣಿಕೆ ಕೊಟ್ಟರೆ ಪ್ರೀತಿ ಹುಟ್ಟುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ನನಗೆ ಒಂದು ಮಾತು ಹೇಳಲಿಲ್ಲ.

ಬಾಗಿನ ಅಣ್ಣನಿಂದ ತಂಗಿಗೆ ಬರಬೇಕೇ ಹೊರತು ತಂಗಿಯಿಂದ ಅಣ್ಣನಿಗೆ ಹೋಗುವುದಿಲ್ಲ ಎಂದು ಬಳೆಗಾರ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಗಂಡಸಿಗೆ ಬಳೆ ಕಳಿಸಿದರೆ "ನೀನು ಗಂಡಸೇ ಅಲ್ಲ, ಇದನ್ನು ತೊಟ್ಟುಕೊಂಡು ಮೂಲೆಯಲ್ಲಿ ಕೂತಿರು" ಎಂದು ಉಗಿದ ಹಾಗೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಬೂಬಮ್ಮ ನಮ್ಮಣ್ಣನಿಗೆ ಊರ ನಡುವೆ, ಹಾಡುಹಗಲಲ್ಲಿ, ಒಂದು ಡಜನ್ ಬಳೆ ಕೊಟ್ಟು ಬಂದಿದ್ದಳು.

ಅವತ್ತೇ ಮಧ್ಯಾಹ್ನ, ಯಜಮಾನರು ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದಾಗ, ಬೀದಿಯಲ್ಲಿ ಗಾಡಿ ನಿಂತಿತು. ಅಣ್ಣ ಮೊರ ಹಿಡಿದುಕೊಂಡೇ ಒಳಗೆ ನುಗ್ಗಿದ.

"ಬಳೆ ಕಳಿಸ್ತೀಯೇನೇ? ನನಗೆ? ಬಳೆ?"

ನನಗೆ ತಲೆಬುಡ ತಿಳಿಯಲಿಲ್ಲ. "ಯಾವ ಬಳೆ? ಯಾರು ಕಳ್ಸಿದ್ರು?"

"ನಾಟಕ ಆಡ್ಬೇಡ! ಕೇರಿಯೋರೆಲ್ಲ ನಗ್ತಾವ್ರೆ! ಅಷ್ಟು ಕೊಬ್ಬು ಬಂತಾ ನಿಂಗೆ?"

ಕೊಬ್ಬು ಅಂದನಲ್ಲ, ನನಗೂ ರೇಗಿತು. ಬಳೆ ಯಾರು ಕಳಿಸಿದರೆಂಬುದು ಅಲ್ಲಿಗೇ ಮರೆತುಹೋಯಿತು. "ನಂಗಾ ಕೊಬ್ಬು? ನಾಕು ಜನದ ಮುಂದೆ ಆಳಿನ ಕೈಲಿ ಬಾಗಿನ ಕಳಿಸಿದ್ದು ಯಾರು? ತಂಗಿ ಮನೆ ಬಾಗಿಲಿಗೆ ಬರೋಕೆ ನಿನ್ನ ಕಾಲೇನು ಸೇದಿಹೋಗಿತ್ತಾ?"

"ಕಾಲಲ್ಲ ಕಣೇ, ಕುರು! ಕುರು ಆಗಿತ್ತು!"

"ಎಲ್ಲಿ?"

ಅಣ್ಣ ಯಜಮಾನರ ಮುಖ ನೋಡಿದ, ಸೂರು ನೋಡಿದ. "ಕೂರೋ ಜಾಗದಲ್ಲಿ. ಗಾಡೀಲಿ ಕೂರೋಕಾಗಲ್ಲ, ನಡೆಯೋಕಾಗಲ್ಲ, ಎಂಟು ದಿನ ಬೋರಲು ಮಲಗಿದ್ದೆ. ಆಳಿನ ಬಾಯಲ್ಲಿ ಏನಂತ ಹೇಳಿಸ್ಲಿ? ನಿನ್ನ ಗಂಡನ ಮನೇಲಿ, ಹಬ್ಬದ ದಿನ, ಗೌಡ್ರಿಗೆ ಮುಕಳೀಲಿ ಕುರು ಅಂತ ಸಾರಿಸ್ಲಾ? ವಾಸಿ ಆದ್ಮೇಲೆ ಬರೋಣ ಅಂತಿದ್ರೆ ನೀನು ಬಾಗಿನಾನೇ ವಾಪಸ್ ಕಳಿಸ್ದೆ!"

ಹಿತ್ತಿಲ ಗೋಡೆಯ ಆ ಕಡೆಯಿಂದ ಕೋಳಿ ಕೊಕ್ಕರಿಸಿದ ಹಾಗೆ ಒಂದು ಸದ್ದು ಬಂತು. ಬೂಬಮ್ಮ ನಗು ತಡೆಯಲು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಮೊದಲು ಯಜಮಾನರು ನಕ್ಕರು, ತುತ್ತು ನೆತ್ತಿಗೇರಿತು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ನಾಲ್ಕು ವರ್ಷ ನನ್ನ ತವರನ್ನು ನುಂಗಿ ಕೂತಿದ್ದದ್ದು ಒಂದು ಕುರು. ಅಣ್ಣ ಅವತ್ತು ನಮ್ಮ ಮನೆಯಲ್ಲೇ ಉಂಡ. ಖರ್ಜೂರ ಬಾಯಿಗೆ ಹಾಕಿಕೊಂಡು, "ಇದು ಯಾವಾಗಿಂದ ಬಾಗಿನಕ್ಕೆ ಬಂತು?" ಎಂದು ಕೇಳಿದ. ಆಗ ನನಗೆ ಎಲ್ಲವೂ ಹೊಳೆಯಿತು.

ಅಣ್ಣನ ಗಾಡಿ ತಿರುವು ದಾಟಿದ ಕೂಡಲೇ ನಾನು ಗೋಡೆಗೆ ಹೋಗಿ ಬೂಬಮ್ಮನನ್ನು ಹಿಡಿದುಕೊಂಡೆ. ನನ್ನ ಹೆಸರಲ್ಲಿ ಬಳೆ ಕೊಟ್ಟು ಅಣ್ಣನ ಮಾನ ಕಳೆದಳಲ್ಲ!

"ಐದು ಹೊತ್ತು ನಮಾಜು ಮಾಡ್ತೀಯ, ಬಾಯಿ ಬಿಟ್ರೆ ಸುಳ್ಳು! ನಾನ್ಯಾವಾಗ ಕಳಿಸ್ದೆ?"

ಸೂಜಿ ಆಚೆಗೆ ಬಂತು. "ಮುರಿದ ಇಬ್ಬರನ್ನ ಕೂಡಿಸೋಕೆ ಹೇಳಿದ ಮಾತು ಸುಳ್ಳಲ್ಲ. ನಮ್ಮಲ್ಲಿ ಅದಕ್ಕೆ ಮಾಫಿ ಇದೆ."

"ಕೂಡಿಸಿದ್ದಾ? ಅವನು ಹೊಡೆಯೋಕೆ ಬಂದಿದ್ದ!"

"ಬಂದ್ನಲ್ಲಾ! ಜಗಳ ಆಡಿದ್ರಲ್ಲಾ! ಜಗಳ ಅಂದ್ರೆ ಮಾತಲ್ವೇನಮ್ಮಾ?"

ಬಾಯಿಗೆ ಬಂದದ್ದೆಲ್ಲ ಅಂದೆ. ಅವಳೂ ಬಿಡಲಿಲ್ಲ. ಮೂರು ದಿನ ಮಾತಿಲ್ಲ. ಮೂರನೆಯ ಸಂಜೆ ಎಂದಿನಂತೆ ತಲೆ ಎದ್ದಿತು, "ಗೌಡ್ತಿ, ಸಲಾಂ" ಎಂದಿತು. ಅಷ್ಟು ಹೊತ್ತಿಗೆ ನನಗೆ ಕೋಪ ಇಳಿದಿತ್ತು, ನಾಚಿಕೆ ಮಾತ್ರ ಉಳಿದಿತ್ತು. ನಾನೇ ಕೇಳಿದೆ, "ಪ್ರತಿ ಸಲ ನೀವೇ ಬರ್ತೀರಲ್ಲ ಬೂಬಮ್ಮ, ಒಂದು ಸಲನೂ ನಿಮಗೆ ಅವಳೇ ಬರ್ಲಿ ಅನ್ಸಲ್ವಾ?"

ಅವಳು ಸೂಜಿಯನ್ನು ಭುಜಕ್ಕೆ ಸಿಕ್ಕಿಸಿಕೊಂಡಳು. "ಅನಿಸಿತ್ತು, ಒಂದು ಸಲ. ನನ್ನ ಯಜಮಾನ್ರ ಜೊತೆ. ಒಂದು ರಜಾಯಿ ಅಂಚು ವಕ್ರ ಹೊಲಿದೆ ಅಂತ ಬೈದ್ರು, ನಾನು ಮಾತು ಬಿಟ್ಟೆ. ಎರಡನೇ ದಿನ ಅವರು ಎರಡು ಸಲ ನನ್ನ ಕಡೆ ನೋಡಿದ್ರು. ಇನ್ನೂ ಒಂದು ದಿನ ಇದೆಯಲ್ಲ, ಅವರೇ ಮೊದಲು ಬರ್ಲಿ ಅಂತ ನಾನು ಕೂತೆ." ಸೆರಗಿಗೆ ಮೆತ್ತಿದ ಹತ್ತಿಯ ಎಳೆಯೊಂದನ್ನು ಕಿತ್ತಳು. "ಆ ದಿನ ಬರ್ಲಿಲ್ಲ ಗೌಡ್ತಿ. ಅವರೇ ಹೋಗ್ಬಿಟ್ರು."

ನಾನು ಗೋಡೆಯ ಮೇಲಿದ್ದ ಅವಳ ಕೈ ಹಿಡಿದುಕೊಂಡೆ. ಬಾಂಗು ಕೇಳಿಸಿತು, ಅವಳು ಕೈ ಬಿಡಿಸಿಕೊಂಡು ಒಳಗೆ ಹೋದಳು.

ಮುಂದಿನ ಗೌರಿಗೆ ಅಣ್ಣ ಎರಡು ಬಾಗಿನ ತಂದ. ಒಂದು ನನಗೆ. ಇನ್ನೊಂದನ್ನು ಬೂಬಮ್ಮನ ಗೋಣಿತಟ್ಟಿನ ಪರದೆಯ ಹೊರಗೆ ಇಟ್ಟು, ಮುಖ ಆಚೆ ತಿರುಗಿಸಿ ನಿಂತು, "ಅವ್ವಾ, ತಗೊಳ್ಳಿ. ಬಳೆ ಇಟ್ಟಿಲ್ಲ," ಅಂದ. ಗಂಡ ಇಲ್ಲದವರಿಗೆ ನಮ್ಮಲ್ಲಿ ಬಾಗಿನ ಕೊಡುವುದಿಲ್ಲ. ಅಣ್ಣನನ್ನು ಕೇಳಿದರೆ, "ಗಂಡಸಿಗೆ ಕೊಡಬಹುದಾದ್ರೆ ಅವ್ವಂಗೆ ಯಾಕೆ ಕೊಡಬಾರ್ದು?" ಅಂದ. ಆ ಮೊರದಲ್ಲಿ ಅವರೆಬೇಳೆ, ಬೆಲ್ಲ, ತೆಂಗಿನಕಾಯಿ, ಕೋಳಿಗಳಿಗೆಂದು ಎರಡು ಸೇರು ರಾಗಿ. ಐದು ವರ್ಷ ತಪ್ಪದೆ ತಂದ. ಬಂದಾಗಲೆಲ್ಲ ಪರದೆಯ ಆಚೆಯಿಂದ ಅವಳು ಹೇಳುವ ಮೂರು ದಿನದ ಲೆಕ್ಕವನ್ನೂ ದಾರ ಅಳೆದ ಕಥೆಯನ್ನೂ ಕೇಳಿಕೊಂಡು ಹೋಗುತ್ತಿದ್ದ. ಬೂಬಮ್ಮ ಬೀದಿಯಲ್ಲೆಲ್ಲ, "ನಂಗೂ ಮೂಡಲಪಾಳ್ಯದಲ್ಲಿ ತವರು ಇದೆ," ಎಂದು ಹೇಳಿಕೊಂಡು ತಿರುಗಿದಳು.

ಅವಳು ಹೋದದ್ದು ಒಂದು ಮಾಗಿಯಲ್ಲಿ, ಮೂರು ದಿನದ ಜ್ವರದಲ್ಲಿ. ಕೊನೆಯ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ, "ನೀರು ಜಾಸ್ತಿ ಹಾಕಿದ್ದೀಯ," ಎಂದು ದೂರಿದಳು. ನಾನು ಅತ್ತುಬಿಟ್ಟೆ. ಮಗ ಮನೆ ಖಾಲಿ ಮಾಡಿಕೊಂಡು ಮಾವನ ಊರಿಗೆ ಹೋಗುವಾಗ ಕೋಳಿಗಳನ್ನು ನನಗೆ ಬಿಟ್ಟುಹೋದ. ಹಾಗೆ ನನ್ನ ಸಂಡಿಗೆ ತಿಂದ ಹುಂಜದ ಮೊಮ್ಮಗ, ಅದೇ ಕೆಂಪು, ಅದೇ ಪೊಗರು, ಗೋಡೆಯ ಈ ಕಡೆಗೆ ಬಂತು.

ಎರಡು ತಿಂಗಳಿಗೆ ಯುಗಾದಿ. ಮಾರನೆಯ ದಿನ ಹೊಸತೊಡಕು, ನಮ್ಮಲ್ಲಿ ಬಾಡೂಟದ ದಿನ. ಅಣ್ಣ ಬಂದವನು ಹಿತ್ತಿಲಲ್ಲಿ ಕೈ ತೊಳೆಯುತ್ತಾ ಹುಂಜವನ್ನು ನೋಡಿ, "ಇದನ್ನೇ ಹಾಕಬಹುದಲ್ಲೇ, ಚೆನ್ನಾಗಿ ಮೇದಿದೆ," ಅಂದ. ಅಷ್ಟೇ ಅಂದದ್ದು. ನನಗೆ ಏನಾಯಿತೋ, "ನೀನು ಮನುಷ್ಯನಾ? ಅವಳ ಮೊರದ ರಾಗಿ ತಿಂದು ಬೆಳೆದಿರೋದನ್ನ ನೀನೇ ತಿಂತೀಯಾ?" ಎಂದು ಎಗರಿದೆ. ಅವನು, "ಕೋಳಿ ಕೋಳಿನೇ ಕಣೇ," ಅಂದ. ಮಾತಿಗೆ ಮಾತು ಬೆಳೆಯಿತು. ಎಲೆಯ ಮುಂದೆ ಕೂತವನು ಉಣ್ಣದೆ ಎದ್ದು ಹೋದ.

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಆಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹೋದ ಸಲ ನಾಲ್ಕು ವರ್ಷ ಹಿಡಿದಿತ್ತು. ಆಗ ಜಟಕಾ ಹತ್ತಿ ಹೋಗಿ ಸುಳ್ಳು ಹೇಳಲು ಪಕ್ಕದಲ್ಲಿ ಒಬ್ಬಳಿದ್ದಳು. ಮೊದಲ ದಿನ ಅವನೇ ಬರಲಿ ಅಂದುಕೊಂಡೆ. ಎರಡನೆಯ ದಿನವೂ ಹಾಗೇ ಅಂದುಕೊಂಡೆ, ಆದರೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಹೊತ್ತು ಇಳಿಯುವಾಗ ಸೆರಗು ಬಿಗಿದು, ಯಜಮಾನರಿಗೆ ಹೇಳಿ, ನಡೆದೇ ಹೊರಟೆ. ಹೊಸಹಳ್ಳಿಯ ಆಚೆಗೆ ಆಗೆಲ್ಲ ಬರೀ ರಾಗಿ ಹೊಲ, ನಡುವೆ ಒಂದು ಗಾಡಿಜಾಡು, ಜಾಡಿನ ಪಕ್ಕ ಒಂದು ದೊಡ್ಡ ಹುಣಸೆಮರ. ಸೂರ್ಯ ಮುಳುಗುವುದಕ್ಕೆ ನಾಲ್ಕು ಬೆರಳಿದೆ ಎನ್ನುವಾಗ ಆ ಮರದ ಹತ್ತಿರ ಎದುರಿಗೆ ಒಬ್ಬ ಮನುಷ್ಯ ಓಡುವ ಹಾಗೆ ಬರುತ್ತಿದ್ದ. ಕಂಕುಳಲ್ಲಿ ಒಂದು ಹ್ಯಾಟೆಕೋಳಿ ಒದ್ದಾಡುತ್ತಿತ್ತು.

"ಹುಂಜಕ್ಕೆ ಜೋಡಿ ಆಗ್ಲಿ ಅಂತ ತಂದೆ," ಅಂದ ಅಣ್ಣ, ಏದುಸಿರು ಬಿಡುತ್ತಾ. "ಹೊತ್ತು ಮುಳುಗೋದ್ರೊಳಗೆ ಬರ್ಬೇಕಿತ್ತಲ್ಲ. ನಾನೇ ಮೊದಲು ಬಂದೆ, ನೋಡ್ಕೋ."

"ಯಾರು ಮೊದಲು? ನಾನು ಮಿಲ್ಲಿನ ಕೂಗಿಗೇ ಮನೆ ಬಿಟ್ಟಿದ್ದೀನಿ!"

"ನಾನು ಎತ್ತು ಕಟ್ಟದೇನೆ ಹೊರಟಿದ್ದೀನಿ! ಹುಣಸೆಮರ ನಿಮ್ಮೂರಿಗೆ ಹತ್ರ, ಅಂದ್ರೆ ಜಾಸ್ತಿ ನಡೆದಿದ್ದು ನಾನು!"

"ಹತ್ರ ಅಂತ ಯಾರಂದ್ರು? ಅಳೆದಿದ್ದೀಯಾ?"

ಅಳೆಯುವುದು ಅಂದ ಕೂಡಲೇ ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಅಣ್ಣ ಕೋಳಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಹಾಕಿಕೊಂಡು ಕಣ್ಣು ಒರೆಸಿಕೊಂಡ. "ಅವ್ವ ಇದ್ದಿದ್ರೂ ಅಷ್ಟೇ ಬಿಡು," ಅಂದ. "ದಾರಾನ ನಿನ್ನ ಕಡೇಗೇ ಎಳೆದು ಹಿಡೀತಿದ್ಲು."

"ಹಿಡೀತಿದ್ಲು. ಯಾಕಂದ್ರೆ ಮೊದಲು ಹೊರಟಿದ್ದು ನಾನು."

"ನೀನಲ್ಲ, ನಾನು!"

ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ನಿಂತು, ಅಣ್ಣತಂಗಿ ಹೀಗೆ ದಾರಿಯಲ್ಲಿ ನಿಂತು ಜಗಳ ಆಡಬಾರದಪ್ಪಾ ಎಂದು ಬುದ್ಧಿ ಹೇಳಿ ಹೋದ. ಹೊತ್ತು ಮುಳುಗಿತು. ನಾವಿಬ್ಬರೂ ಇನ್ನೂ ಕಿತ್ತಾಡುತ್ತಲೇ ಇದ್ದೆವು.